ಕೊಂಡಿಯೊಳಗಿನ ಸಡಿಲ

ನನ್ನ ಸೋದರಮಾವ ಮಾಡಿದ ಕೊಂಡಿ ಇದುವರೆಗೆ ಒಂದೂ ಮುರಿದಿಲ್ಲ. ಹೊಗಳಲು ಈ ಮಾತು ಹೇಳುತ್ತಿಲ್ಲ, ಸಂಕಟಕ್ಕೆ ಹೇಳುತ್ತಿದ್ದೇನೆ. ಅವುಗಳಲ್ಲಿ ಒಂದು, ಒಂದೇ ಒಂದು, ನಾವು ಹೊರಟ ದಿನ ಬೀದಿಯ ತಿರುವಿನಲ್ಲೇ ಕಳಚಿ ಬಿದ್ದಿದ್ದರೆ ನಮ್ಮತ್ತೆ ತಮ್ಮ ಅಕ್ಕನನ್ನು ಹೊತ್ತಿಗೆ ಸರಿಯಾಗಿ ನೋಡುತ್ತಿದ್ದರು.

ಕೊಂಡಿ ಅಂದರೆ ಕಾರಿನ ಹಿಂದೆ ಟ್ರೈಲರ್ ಕಟ್ಟಲು ಕೂರಿಸುವ ಕಬ್ಬಿಣದ ಜೋಡಣೆ. ಹಿಚ್ ಅಂತಲೂ ಕರೆಯುತ್ತಾರೆ. ಕಾರಿನ ಕಡೆ ನಿಂಬೆಹಣ್ಣಿನಷ್ಟು ದಪ್ಪದ ಉಕ್ಕಿನ ಗುಂಡು, ಟ್ರೈಲರ್ ಕಡೆ ಆ ಗುಂಡನ್ನು ಕಚ್ಚಿ ಹಿಡಿಯುವ ಬಟ್ಟಲು. ಮಾವ ಮೀಸೆ ಮೂಡುವ ಮುಂಚೆಯೇ ವೆಲ್ಡಿಂಗ್ ಕಲಿತವರು. ನೀರಿನ ಟ್ಯಾಂಕು ಎಳೆಯುವವರು, ಜನರೇಟರ್ ಎಳೆಯುವವರು, ಇಟ್ಟಿಗೆ ಮರಳು ಎಳೆಯುವವರು, ಎಲ್ಲರೂ ಕೊಂಡಿಗೆ ಅವರ ಹತ್ತಿರವೇ ಬರುತ್ತಿದ್ದರು. ಏನು ಕೇಳಿದರೂ ಮಾವನದು ಒಂದೇ ಉತ್ತರ. "ಗಟ್ಟಿ ಇದೆ, ತಗೊಂಡು ಹೋಗು." ಹಾಗಾಗಿ ಬೀದಿಯವರ ಬಾಯಲ್ಲಿ ಅವರು ಗಟ್ಟಿ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಅವರಿಗೇ ನೆನಪಿತ್ತೋ ಇಲ್ಲವೋ.

ಅವರ ಪರೀಕ್ಷೆ ನೋಡುವ ಹಾಗಿರುತ್ತಿತ್ತು. ಅಂಗಡಿಯ ಹಿಂಗೋಡೆಗೆ ಒಂದು ಕಬ್ಬಿಣದ ಬಳೆ ಹುಗಿದಿದ್ದರು. ಹೊಸ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿ, ಈಚೆಯಿಂದ ಭಾರ ಎಳೆಯುವ ಸರಪಳಿ ರಾಟೆ, ಚೈನ್ ಬ್ಲಾಕ್ ಹಾಕಿ, ಗೋಡೆಯೇ ಕಿತ್ತು ಬರುತ್ತದೋ ಅನ್ನುವ ಹಾಗೆ ಎಳೆಯುತ್ತಿದ್ದರು. ಆಮೇಲೆ ಅದರ ಮೇಲೆ ಹತ್ತಿ ಕುಣಿಯುತ್ತಿದ್ದರು. ಆಮೇಲೆ ಸುತ್ತಿಗೆಯಿಂದ ತಟ್ಟಿ ಕಿವಿ ಇಟ್ಟು ಕೇಳುತ್ತಿದ್ದರು. ಎಲ್ಲಾದರೂ 'ಕಟಕ್' ಅಂದರೆ ಮುಗಿಯಿತು, ಪೂರ್ತಿ ಕತ್ತರಿಸಿ ಮೊದಲಿಂದ ಶುರು. ಅಲುಗಾಡುವುದು, ಸದ್ದು ಮಾಡುವುದು ಎರಡನ್ನೂ ಅವರು ತಮಗೆ ಮಾಡಿದ ಅವಮಾನ ಅಂತಲೇ ತಿಳಿದಿದ್ದರು.

ಮನೆಯಲ್ಲೂ ಅದೇ ಕಥೆ. ನಮ್ಮ ಬಾಗಿಲು ಕಿರುಗುಟ್ಟುವುದಿಲ್ಲ, ಕಪಾಟು ಅಲುಗುವುದಿಲ್ಲ, ಊಟದ ಮೇಜು ಸರಿಸಲು ಇಬ್ಬರು ಬೇಕು. "ಹುಷಾರು ಕಣೇ, ಮಾತು ಜಾಸ್ತಿ ಆಯ್ತು ಅಂತ ನಿನ್ನ ಬಾಯಿಗೂ ಒಂದು ಹೊಲಿಗೆ ಹಾಕ್ಬಿಟ್ಟಾರು" ಅಂತ ಅತ್ತೆ ನನ್ನನ್ನು ಛೇಡಿಸುತ್ತಿದ್ದರು. ವೆಲ್ಡಿಂಗ್‌ಗೆ ನಮ್ಮ ಮನೆಯಲ್ಲಿ ಹೊಲಿಗೆ ಅಂತಲೇ ಹೆಸರು. ಯಾಕೆಂದರೆ ಅತ್ತೆಯದು ನಿಜವಾದ ಹೊಲಿಗೆ. ಅಂಗಡಿಯ ಪಕ್ಕದ ಕೋಣೆಯಲ್ಲಿ ಅವರು ವಾಹನಗಳ ಸೀಟು, ದಿಂಬು, ಪರದೆ ಹೊಲಿಯುತ್ತಿದ್ದರು. ಗೋಡೆಯ ಆ ಕಡೆ ಗ್ರೈಂಡರ್ ಕಿರುಚಾಟ, ಈ ಕಡೆ ಮಷಿನ್ನಿನ ಕಟಕಟ. ನನ್ನ ತಾಯಿಯ ತಮ್ಮನ ಮನೆ ಅದು. ಓದಿನ ಕಾಲಕ್ಕೆ ಅಂತ ಬಂದವಳು, ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿ, ಮಹಡಿ ಮೇಲಿನ ಕೋಣೆಯಲ್ಲೇ ಉಳಿದುಬಿಟ್ಟೆ. ಅವರಿಗೆ ಮಕ್ಕಳಿರಲಿಲ್ಲ. ನಾನಿದ್ದೆ, ಸಾಲದ್ದಕ್ಕೆ ನನ್ನ ಬಾಯಿಯೂ ಇತ್ತು.

ವರ್ಷಾನುಗಟ್ಟಲೆ ಮಷಿನ್ ಮೇಲೆ ಬಾಗಿ ಬಾಗಿ ಅತ್ತೆಯ ಬೆನ್ನು ಹಾಳಾಯಿತು. ಸೊಂಟದ ಮೇಲಿನ ಎಲುಬು ಜಾರಿದೆ ಎಂದರು ಡಾಕ್ಟರು. ಸ್ವಲ್ಪ ಹೊತ್ತು ಕೂತರೆ ಸ್ವಲ್ಪ ಹೊತ್ತು ಮಲಗಲೇಬೇಕು. ಬಸ್ಸಿನ ಪ್ರಯಾಣವಂತೂ ದೂರದ ಮಾತು. ಒಮ್ಮೆ ಹಟ ಹಿಡಿದು ಬಸ್ಸಿನಲ್ಲಿ ಅಕ್ಕನ ಮನೆಗೆ ಹೊರಟವರು ಅರ್ಧ ದಾರಿಯಲ್ಲಿ ಇಳಿದು, ವಾಪಸು ಬಂದು, ಹಾಸಿಗೆ ಹಿಡಿದರು. ಅಕ್ಕ ಇದ್ದದ್ದು ಬೆಟ್ಟ ದಾಟಿ ಆಚೆ. ಆ ಕಡೆಗೆ ರೈಲಿಲ್ಲ.

ಆ ಅಕ್ಕ ಅತ್ತೆಗೆ ಬರೀ ಅಕ್ಕ ಅಲ್ಲ. ತಾಯಿ ಹೋದಾಗ ಅತ್ತೆಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಎತ್ತಿ ಆಡಿಸಿದ್ದು, ಜಡೆ ಹೆಣೆದದ್ದು, ಮಷಿನ್ ತುಳಿಯಲು ಕಲಿಸಿದ್ದು ಎಲ್ಲ ಆ ಅಕ್ಕನೇ. ದಿನಾ ಸಂಜೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಏನೂ ವಿಷಯ ಇರುತ್ತಿರಲಿಲ್ಲ, ಆದರೂ ಮಾತು ಮುಗಿಯುತ್ತಿರಲಿಲ್ಲ. ಹೀಗಿರುವಾಗ ಅಕ್ಕ ಕೇಳಿದ್ದನ್ನೇ ಕೇಳಲು ಶುರುಮಾಡಿದರು. "ಊಟ ಆಯ್ತಾ" ಅಂತ ಕೇಳಿ, ಉತ್ತರ ಕೇಳಿಸಿಕೊಂಡು, ಮತ್ತೆ "ಊಟ ಆಯ್ತಾ" ಅನ್ನುವರು. ಅತ್ತೆ ನಗುತ್ತಲೇ ಮತ್ತೆ ಉತ್ತರ ಕೊಡುತ್ತಿದ್ದರು. ಒಂದು ಸಂಜೆ ಆ ಕಡೆಯಿಂದ "ಯಾರು ಮಾತಾಡ್ತಿರೋದು?" ಎಂಬ ಪ್ರಶ್ನೆ ಬಂತು. ಅತ್ತೆ ನಗಲಿಲ್ಲ.

ಅಕ್ಕನ ಮಗ ಫೋನ್ ಇಸಿದುಕೊಂಡು ಹೇಳಿದ. "ಚಿಕ್ಕಮ್ಮ, ಬರೋದಿದ್ರೆ ಬೇಗ ಬನ್ನಿ. ಮುಖ ನೋಡಿದ್ರೆ ಇನ್ನೂ ಗುರುತು ಹಿಡೀತಾಳೆ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ ಅಂದಿದ್ದಾರೆ ಡಾಕ್ಟ್ರು."

ಅಕ್ಕ ತನ್ನನ್ನು ಮರೆಯುವ ಮುಂಚೆ ಅಕ್ಕನ ಎದುರಿಗೆ ಹೋಗಿ ನಿಲ್ಲಬೇಕು. ಅತ್ತೆಗೆ ಬೇರೇನೂ ಬೇಡವಾಗಿತ್ತು. ಅಕ್ಕ ಮರೆತರೆ ತನ್ನ ಬಾಲ್ಯವನ್ನು ಕಂಡವರು ಯಾರೂ ಉಳಿಯುವುದಿಲ್ಲ ಅನ್ನುತ್ತಿದ್ದರು.

ಮಾವ ಬಾಯಲ್ಲಿ ಸಮಾಧಾನ ಹೇಳುವ ಪೈಕಿ ಅಲ್ಲ. ಮಾರನೆಯ ದಿನ ಮನೆಯ ಕಾರು ತೆಗೆದುಕೊಂಡು ಹೋದವರು ಒಂದು ಹಳೆಯ ಪ್ರವಾಸದ ಟ್ರೈಲರನ್ನು, ಚಕ್ರದ ಮೇಲಿನ ಪುಟ್ಟ ಕೋಣೆಯಂಥದ್ದನ್ನು, ಎಳೆದುಕೊಂಡು ಬಂದರು. ಯಾರದೋ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿ ಬಿದ್ದಿದ್ದದ್ದು. ಅದರೊಳಗೆ ಹಾಸಿಗೆ ಹಾಕುವುದು, ಅತ್ತೆ ಕಾರಿನಲ್ಲಿ ಕೂತಷ್ಟು ದೂರ ಹೋಗುವುದು, ಬೆನ್ನು ನೊಂದಾಗ ರಸ್ತೆ ಬದಿ ನಿಲ್ಲಿಸಿ ಟ್ರೈಲರಿನಲ್ಲಿ ಮಲಗಿಸುವುದು, ನೋವು ಇಳಿದ ಮೇಲೆ ಮತ್ತೆ ಹೊರಡುವುದು. ಇದು ಅವರ ಲೆಕ್ಕಾಚಾರ. "ನಾಲ್ಕು ದಿನ ಆಗ್ಲಿ, ಆರು ದಿನ ಆಗ್ಲಿ, ಮಲಗಿ ಮಲಗಿ ಹೋಗೋಣ" ಅಂದರು.

ಆ ದಿನಗಳಷ್ಟು ಸಂತೋಷ ಆ ಮನೆಯಲ್ಲಿ ನಾನು ಕಂಡಿರಲಿಲ್ಲ. ಕೋಳಿಯ ಪುಕ್ಕ ಗುಡಿಸಿ ಗುಡಿಸಿ ನನ್ನ ಸೊಂಟವೂ ಹೋಯಿತು. ಮಾವ ತುಕ್ಕು ಕೆರೆದು ತಗಡು ಬದಲಿಸಿದರು. ಅತ್ತೆ ಚಾಪೆಯ ಮೇಲೆ ಮಲಗಿಕೊಂಡೇ ನನ್ನ ಕೈಯಲ್ಲಿ ಪರದೆ ಕತ್ತರಿಸಿಸಿದರು. ನಾನು ಸೊಟ್ಟಗೆ ಕತ್ತರಿಸಿದಾಗಲೆಲ್ಲ "ಔಷಧಿ ಕೊಡೋದೂ ಹೀಗೇನಾ?" ಅನ್ನುತ್ತಿದ್ದರು. ಅಕ್ಕನಿಗೆ ಫೋನ್ ಮಾಡಿ "ಬರ್ತಿದ್ದೀನಿ, ಮನೇನೇ ಎಳ್ಕೊಂಡು ಬರ್ತಿದ್ದೀನಿ" ಅಂದಾಗ ಆ ಕಡೆಯಿಂದ ನಗು ಕೇಳಿಸಿತು. ಆ ದಿನ ಅಕ್ಕನಿಗೆ ಎಲ್ಲವೂ ನೆನಪಿತ್ತು.

ಹಳೆಯ ಟ್ರೈಲರಿನ ಜೊತೆಗೆ ಅದರದೇ ಕೊಂಡಿಯೂ ಬಂದಿತ್ತು. ಅದು ಮಾವ ಮಾಡುವಂಥದ್ದಲ್ಲ. ಬಟ್ಟಲಿನ ಹಿಂದೆ ಒಂದು ಉಕ್ಕಿನ ಕೊಳವೆ, ಆ ಕೊಳವೆ ಇನ್ನೊಂದರೊಳಗೆ ಹಿಂದೆ ಮುಂದೆ ಜಾರುತ್ತಿತ್ತು. ಕೈಯಿಂದ ಅಲುಗಾಡಿಸಿ ಮಾವ ಮುಖ ಸಿಂಡರಿಸಿದರು. ಆಗ ಪಕ್ಕದ ಅಂಗಡಿಯ ಬ್ರೇಕ್ ಮೆಕ್ಯಾನಿಕ್ ಬಂದು ನೋಡಿದರು. ಇವರು ಮಾವನ ಚಡ್ಡಿ ದೋಸ್ತು. ಯಾವ ಗಿರಾಕಿ ಬಂದರೂ "ನಿಧಾನ, ನಿಧಾನ" ಅನ್ನುವುದರಿಂದ ಅವರಿಗೆ ನಿಧಾನಪ್ಪ ಅಂತ ಹೆಸರು ಇಟ್ಟವರೂ ಮಾವನೇ. ಒಂದು ಬ್ರೇಕ್ ಬಿಚ್ಚಿದರೆ ಕಟ್ಟಲು ಮೂರು ಸಲ ಟೀ ಕುಡಿಯುವ ಮನುಷ್ಯ.

"ಮೇಸ್ತ್ರಿ, ಇದು ಜಾರೋದಕ್ಕೇ ಇರೋದು" ಅಂದರು ನಿಧಾನಪ್ಪ. "ಕಾರು ಬ್ರೇಕ್ ಹಾಕಿದ್ರೆ ಹಿಂದಿನ ಟ್ರೈಲರಿಗೇನು ಗೊತ್ತಾಗುತ್ತೆ? ಅದು ನುಗ್ಗಿ ಬರುತ್ತೆ. ನುಗ್ಗಿದಾಗ ಈ ಕೊಳವೆ ಒಳಗೆ ಹೋಗಿ ಅಲ್ಲಿರೋ ಸನ್ನೆಗೋಲು ಒತ್ತುತ್ತೆ. ಸನ್ನೆ ಕಂಬಿ ಎಳೆಯುತ್ತೆ, ಟ್ರೈಲರ್ ಚಕ್ರಕ್ಕೆ ಬ್ರೇಕ್ ಬೀಳುತ್ತೆ. ಎಷ್ಟು ಜೋರಾಗಿ ನುಗ್ಗುತ್ತೋ ಅಷ್ಟು ಜೋರಾಗಿ ಅದೇ ತನ್ನ ಕಾಲು ಹಿಡ್ಕೊಳ್ಳುತ್ತೆ."

ಮಾವ ಕೇಳಿಸಿಕೊಂಡರು. ಅರ್ಥವೂ ಆಯಿತು. ಅರ್ಥವಾಗದವರ ತಪ್ಪನ್ನಾದರೂ ಮನ್ನಿಸಬಹುದು.

ಮೊದಲ ಸಲ ಎಲ್ಲ ಕಟ್ಟಿಕೊಂಡು ಅತ್ತೆಯನ್ನು ಕೂರಿಸಿಕೊಂಡು ಊರ ಸುತ್ತ ಒಂದು ಸುತ್ತು ಹೋದೆವು. ಪ್ರತಿ ಬ್ರೇಕಿಗೂ ಹಿಂದಿನಿಂದ 'ಟಕ್' ಎಂಬ ಸದ್ದು, ಸದ್ದಿನ ಹಿಂದೆಯೇ ಒಂದು ಹೊಡೆತ. ಕಾರಿನ ಸೀಟಿನ ಮೂಲಕ ಅದು ನೆಟ್ಟಗೆ ಅತ್ತೆಯ ಬೆನ್ನಿಗೆ ಬರುತ್ತಿತ್ತು. ಅತ್ತೆ ಹಲ್ಲು ಕಚ್ಚಿ ಕೂತರು. ಸಂತೆಬೀದಿಯ ಹತ್ತಿರ ಕಣ್ಣಲ್ಲಿ ನೀರು ಬಂತು. "ಏನಿಲ್ಲ, ಧೂಳು" ಅಂದರು. ಕಿಟಕಿ ಮುಚ್ಚಿತ್ತು.

ಕೊಳವೆಯೊಳಗೆ ಆ ಹೊಡೆತ ತಡೆಯುವ ಡ್ಯಾಂಪರ್ ಇರುತ್ತದಂತೆ, ಬಾಗಿಲು ಧಡಾರನೆ ಬಡಿಯದ ಹಾಗೆ ಹಿಡಿಯುವ ಕೈಯಂಥದ್ದು. ಈ ಟ್ರೈಲರಿನಲ್ಲಿ ಅದು ಸತ್ತು ಯಾವ ಕಾಲವಾಗಿತ್ತೋ. ನಿಧಾನಪ್ಪ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಹೊಸದು ತರಿಸ್ಕೊಡ್ತೀನಿ. ಇಂಥದ್ದು ಇಲ್ಲಿ ಸಿಗಲ್ಲ, ದೂರದಿಂದ ಬರಬೇಕು. ಕೆಲವು ವಾರ ಹಿಡಿಯುತ್ತೆ. ಅಲ್ಲಿವರೆಗೂ ಕಾಯಿ."

ಮಾವ ಕಾಯುತ್ತಿದ್ದರೇನೋ. ಆದರೆ ಆ ವಾರ ಅಕ್ಕನ ಮಗ ಮತ್ತೆ ಫೋನ್ ಮಾಡಿದ. ಅಕ್ಕ ಬೆಳಿಗ್ಗೆ ಎದ್ದು ಸ್ವಂತ ಸೊಸೆಯನ್ನೇ ಯಾರು ಎಂದು ಕೇಳಿದ್ದರಂತೆ. ಅತ್ತೆ ಫೋನ್ ಇಟ್ಟು ಗೋಡೆಗೆ ತಿರುಗಿ ಮಲಗಿದರು. ಮಾವ ಅಂಗಡಿಗೆ ಇಳಿದರು.

ಅವರು ಮಾಡಿದ್ದು ಇಷ್ಟು. ಜಾರುವ ಕೊಳವೆಯ ಸುತ್ತ ದಪ್ಪ ರಬ್ಬರ್ ಸುತ್ತಿ, ಅದರ ಮೇಲೆ ಬಿಗಿಯಾದ ಉಕ್ಕಿನ ಬಳೆ, ಬುಷ್ ಬಡಿದು, ಡ್ಯಾಂಪರ್ ಇದ್ದ ಜಾಗಕ್ಕೆ ಗಟ್ಟಿ ಮರದ ತುಂಡು ತುರುಕಿದರು. ಸಾಲದೆಂದು ಕೊಂಡಿಯಿಂದ ಟ್ರೈಲರಿನ ಚೌಕಟ್ಟಿಗೆ ಪಕ್ಕದಿಂದ ಒಂದು ಪಟ್ಟಿ ಬಿಗಿದರು, ಅತ್ತಿತ್ತ ಅಲ್ಲಾಡಬಾರದು ಅಂತ. ಆಮೇಲೆ ತಮ್ಮ ಮಾಮೂಲು ಪರೀಕ್ಷೆ. ಬಳೆಗೆ ಸಿಕ್ಕಿಸಿ ಎಳೆದರು, ಹತ್ತಿ ಕುಣಿದರು, ಸುತ್ತಿಗೆ ತಟ್ಟಿ ಕಿವಿ ಇಟ್ಟರು. ಪಿಟ್ಟೆನ್ನಲಿಲ್ಲ.

ಮತ್ತೆ ಊರ ಸುತ್ತ ಹೋದೆವು. ಎಂಥ ನಯ ಅಂತೀರಿ. ಬ್ರೇಕ್ ಹಾಕಿದ್ದೇ ಗೊತ್ತಾಗಲಿಲ್ಲ. ಅತ್ತೆ ಸೀಟಿಗೆ ಒರಗಿ ಕಣ್ಣು ಮುಚ್ಚಿ "ಹೀಗಾದ್ರೆ ಅಕ್ಕನ ಮನೆಯೇನು, ಎಲ್ಲಿಗೆ ಬೇಕಾದ್ರೂ ಬರ್ತೀನಿ" ಅಂದರು. ಮಾವನ ಕಿವಿ ಕೆಂಪಾಯಿತು. ಹೆಂಡತಿ ಹೊಗಳಿದರೆ ಅವರಿಗೆ ಹಾಗಾಗುತ್ತಿತ್ತು.

ಅಂಗಡಿಯ ಮುಂದೆ ಟ್ರೈಲರನ್ನು ಹಿಂದಕ್ಕೆ ಬಿಡುವಾಗ ನಿಧಾನಪ್ಪ ಟೀ ಲೋಟ ಹಿಡಿದು ನೋಡುತ್ತಿದ್ದರು.

"ಮೊನ್ನೆ ಹಿಂದಕ್ಕೆ ಬಿಡುವಾಗ ಮೊಂಡು ಹಿಡಿದು ನಿಲ್ತಿತ್ತಲ್ಲ, ಇವತ್ತು ನಿಲ್ಲಲಿಲ್ಲ" ಅಂದರು.

"ನಿಲ್ಲಲ್ಲ. ಬೆಣ್ಣೆ ಹಂಗೆ ಹೋಗುತ್ತೆ. ಕೈ ಯಾರದು?"

"ಹಿಂದಕ್ಕೆ ತಳ್ಳಿದಾಗ ಕೊಳವೆ ಒಳಗೆ ಹೋಗಿ ಬ್ರೇಕ್ ಹಿಡೀತಿತ್ತು ಮೇಸ್ತ್ರಿ, ಅದಕ್ಕೇ ಮೊಂಡು. ಈಗ ಹಿಡೀತಿಲ್ಲ ಅಂದ್ರೆ ಟ್ರೈಲರ್ ಬ್ರೇಕ್ ಸತ್ತಿದೆ."

"ಕಾರಿಗಿದೆಯಲ್ಲ ಬ್ರೇಕು. ನನ್ನ ಕೊಂಡಿ ಬಿಡಲ್ಲ."

"ಬಿಡಲ್ಲ, ಅದೇ ನನಗೆ ಭಯ. ಅದು ಬಿಡಲ್ಲ, ಇದು ನಿಲ್ಲಲ್ಲ. ಇಳಿಜಾರಲ್ಲಿ ಏನ್ ಮಾಡ್ತೀಯ? ಆ ಮರದ ತುಂಡು ತೆಗಿ. ಸಾಮಾನು ಬರೋವರೆಗೂ ನಿಧಾನ."

ಮಾವನಿಗೆ ಮೂಗಿನ ತುದಿಯಲ್ಲಿ ಕೋಪ. "ನಿನ್ನ ನಿಧಾನ ಕಟ್ಕೊಂಡು ಕೂತ್ರೆ ಅವಳಕ್ಕ ಇವಳನ್ನ ಮರೆತೇ ಹೋಗ್ತಾಳೆ. ನಿನಗೇನು, ನಿನ್ನ ಮನೇಲಿ ಯಾರೂ ಕಾಯ್ತಿಲ್ಲ."

ನಿಧಾನಪ್ಪನ ಹೆಂಡತಿ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಅವರು ಲೋಟದಲ್ಲಿ ಉಳಿದ ಟೀಯನ್ನು ಮೋರಿಗೆ ಚೆಲ್ಲಿ ಒಳಗೆ ಹೋದರು. ಮಾವನಿಗೆ ತಾವೇನು ಅಂದೆವು ಎಂದು ಗೊತ್ತಾಯಿತು. ಹಿಂದೆಯೇ ಹೋಗಿ ಎರಡು ಮಾತಾಡಬೇಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ, ಹೋಗಲಿಲ್ಲ.

ಅತ್ತೆ ಕಿಟಕಿಯಿಂದ ಕೇಳಿಸಿಕೊಂಡಿದ್ದರು. "ರೀ, ಅವರು ಹೇಳೋದರಲ್ಲಿ ಏನಾದ್ರೂ ಇದ್ಯಾ?" ಅಂತ ಕೇಳಿದರು.

"ನಾನಿಲ್ವಾ" ಅಂದರು ಮಾವ. ಅತ್ತೆ ಮತ್ತೆ ಕೇಳಲಿಲ್ಲ. ಅವರ ಸಂಸಾರ ನಡೆದದ್ದೇ ಆ ಒಂದು ಮಾತಿನ ಮೇಲೆ, ಅಲ್ಲಿಯವರೆಗೆ ಅದು ಸುಳ್ಳಾಗಿಯೂ ಇರಲಿಲ್ಲ.

ಹೊರಟ ದಿನ ಬೆಳಕು ಚೆನ್ನಾಗಿತ್ತು. ಮಾವ ಓಡಿಸುತ್ತಿದ್ದರು, ಪಕ್ಕದಲ್ಲಿ ಅತ್ತೆ, ಹಿಂದೆ ನಾನು, ನನ್ನ ತೊಡೆಯ ಮೇಲೆ ದಿಂಬುಗಳ ರಾಶಿ. ಬಯಲು ಸೀಮೆಯ ರಸ್ತೆ, ಎಲ್ಲೂ ಏರಿಳಿತವಿಲ್ಲ. ಬೆನ್ನು ನೊಂದಾಗ ಮರದ ನೆರಳು ನೋಡಿ ನಿಲ್ಲಿಸಿದೆವು. ಅತ್ತೆ ಟ್ರೈಲರಿನಲ್ಲಿ ಮಲಗಿ ಕಿಟಕಿಯಿಂದ ಹೊರಗಿನ ಹೊಲ ನೋಡುತ್ತ, ಅಕ್ಕ ತನ್ನನ್ನು ಬೆನ್ನಿಗೆ ಕಟ್ಟಿಕೊಂಡು ನೀರು ತರಲು ಹೋಗುತ್ತಿದ್ದದ್ದು, ಕೊಡ ತುಳುಕಿದಾಗೆಲ್ಲ ತಾನು ನೆನೆದು ಅಳುತ್ತಿದ್ದದ್ದು ಹೇಳಿದರು. ಮಾವ ಬಾಗಿಲಲ್ಲಿ ಕೂತು ಕೇಳುತ್ತಿದ್ದರು. ಅವರ ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಆ ಕಥೆ ಅವರು ಕೇಳಿರಲಿಲ್ಲವಂತೆ. ಯಾವತ್ತೂ ಗ್ರೈಂಡರ್ ನಿಲ್ಲಿಸಿದ್ದರೆ ತಾನೆ.

ಬೆಟ್ಟ ಹತ್ತುವಾಗಲೂ ತೊಂದರೆಯಾಗಲಿಲ್ಲ. ಕೊಂಡಿ ಚೆನ್ನಾಗಿಯೇ ಎಳೆಯಿತು. ತೊಂದರೆ ಶುರುವಾದದ್ದು ಇಳಿಯುವಾಗ. ಮೊದಲ ತಿರುವಿಗೆ ಮಾವ ಬ್ರೇಕ್ ಒತ್ತಿದರು, ಕಾರು ನಿಧಾನವಾಯಿತು, ಆದರೆ ಹಿಂದಿನಿಂದ ಯಾರೋ ಬೆನ್ನ ಮೇಲೆ ಕೈಯಿಟ್ಟು ನೂಕಿದ ಹಾಗಾಯಿತು. ಎರಡನೆಯ ತಿರುವಿಗೆ ನೂಕು ಹೆಚ್ಚಾಯಿತು. ಟ್ರೈಲರಿನ ಅಷ್ಟೂ ಭಾರವನ್ನು ಕಾರಿನ ಬ್ರೇಕೊಂದೇ ಹಿಡಿಯಬೇಕಾಗಿತ್ತು. ಮಾವ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಸುಟ್ಟ ವಾಸನೆ ಬಂತು. "ಏನೋ ಸೀದು ಹೋಗ್ತಿದೆ" ಅಂದರು ಅತ್ತೆ. ಮಾವನ ಕತ್ತಿನ ನರ ಉಬ್ಬಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಗೇರ್ ಇಳಿಸಿದರು, ಆದರೆ ಅಷ್ಟರಲ್ಲಿ ತಡವಾಗಿತ್ತು. ಕಾದು ಕಾದು ಬ್ರೇಕ್ ಹಿಡಿತ ಬಿಟ್ಟಿತ್ತು, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತಿತ್ತು.

ಮುಂದಿನ ತಿರುವಿನಲ್ಲಿ ಕಾರು ತಿರುಗಿತು, ಟ್ರೈಲರ್ ತಿರುಗಲಿಲ್ಲ. ಅದು ನೆಟ್ಟಗೆ ನುಗ್ಗಿ ಕಾರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿತು. ತೆರೆದ ಕತ್ತರಿ ಮುಚ್ಚಿಕೊಂಡ ಹಾಗೆ ಎರಡೂ ಮಡಚಿಕೊಂಡವು. ಟ್ರೈಲರಿನ ಮೂಲೆ ಅತ್ತೆ ಕೂತಿದ್ದ ಕಡೆಯ ಬಾಗಿಲಿಗೆ ಬಂದು ಬಡಿಯಿತು. ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ತಾಗಿ ಎಲ್ಲವೂ ನಿಂತಿತು. ರಸ್ತೆಯ ಇನ್ನೊಂದು ಬದಿಗೆ ಕಣಿವೆ ಇತ್ತು.

ಹಿಂದೆ ಬರುತ್ತಿದ್ದ ಲಾರಿಯವರು ಇಳಿದು ಓಡಿ ಬಂದರು. ಬಾಗಿಲು ಕಿತ್ತು ಅತ್ತೆಯನ್ನು ಹೊರಗೆ ತೆಗೆದು ಟ್ರೈಲರಿನ ಹಾಸಿಗೆಯನ್ನೇ ಎಳೆದು ಹಾಸಿ ಮಲಗಿಸಿದರು. ಅತ್ತೆ ಕೂಗಲಿಲ್ಲ. "ಅಕ್ಕನಿಗೆ ಫೋನ್ ಮಾಡ್ಬೇಡಿ, ಗಾಬರಿ ಆಗ್ತಾಳೆ" ಅಂದರು. ಲಾರಿಯ ಡ್ರೈವರ್ ಒಬ್ಬ ಕಾರಿಗೂ ಟ್ರೈಲರಿಗೂ ನಡುವೆ ಬಗ್ಗಿ ನೋಡಿ, ಪಾಪ, ಸಮಾಧಾನಕ್ಕೆ ಅಂತಲೇ ಹೇಳಿದ. "ಇಷ್ಟೆಲ್ಲ ಆದ್ರೂ ಕೊಂಡಿ ಬಿಟ್ಟಿಲ್ಲ ನೋಡಿ. ಯಾರು ಮಾಡಿದ್ದೋ, ಬಹಳ ಗಟ್ಟಿ ಕೆಲಸ."

ಮಾವ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿ ಕೂತು ತಲೆ ಹಿಡಿದುಕೊಂಡರು.

ಅತ್ತೆಯ ಸೊಂಟದ ಕೀಲು ಮುರಿದಿತ್ತು. ಆಪರೇಷನ್, ಆಮೇಲೆ ಹಾಸಿಗೆ, ಆಮೇಲೆ ವಾಕರ್. ಹೆಜ್ಜೆ ಇಡಲು ತಿಂಗಳುಗಳೇ ಹಿಡಿದವು. ಅತ್ತ ಅಕ್ಕನಿಗೆ ನಿಜ ಹೇಳಬಾರದೆಂದು ಅವರ ಮಗ "ಬರ್ತಿದ್ದಾರೆ, ದಾರೀಲಿದ್ದಾರೆ" ಅಂತಲೇ ಹೇಳುತ್ತ ಬಂದ. ಅಕ್ಕ ಬೇರೆ ಎಲ್ಲವನ್ನೂ ಮರೆತರು, ಅದನ್ನು ಮಾತ್ರ ಮರೆಯಲಿಲ್ಲ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರಂತೆ. ಬೀದಿಯಲ್ಲಿ ಯಾವ ಗಾಡಿ ಬಂದರೂ ಎದ್ದು ನಿಲ್ಲುವುದು, ಹೋದ ಮೇಲೆ ಕೂರುವುದು. ಒಂದು ದಿನ ಕುರ್ಚಿ ಕೇಳಲಿಲ್ಲ. ಯಾಕಮ್ಮ ಅಂದರೆ "ಯಾಕೆ ಕೂರಬೇಕು?" ಅಂದರಂತೆ. ಇದನ್ನೆಲ್ಲ ಅಕ್ಕನ ಮಗ ಫೋನಿನಲ್ಲಿ ಹೇಳಿದಾಗ ಸ್ಪೀಕರ್ ಹಾಕಿತ್ತು, ಮಾವ ಅಲ್ಲೇ ಇದ್ದರು.

ಅತ್ತೆ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದದ್ದು ನಾನು. ನನಗೆ ತಡೆಯಲಾಗಲಿಲ್ಲ. "ನಿಧಾನಪ್ಪ ಬಾಯಿಬಿಟ್ಟು ಹೇಳಿದ್ರಲ್ಲ ಮಾವ. ಅವರ ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಮಾವ ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಬರಲಿಲ್ಲ. "ಜೀವಮಾನವೆಲ್ಲ ಎಳೆಯೋದನ್ನೇ ನೋಡ್ಕೊಂಡು ಬಂದೆ" ಅಂದರು. "ಎಳೆದ್ರೆ ಬಿಡಬಾರದು, ಅಷ್ಟೇ ನನಗೆ ಗೊತ್ತಿದ್ದಿದ್ದು. ಹಿಂದಿನದು ತಳ್ಳುತ್ತೆ ಅಂತ ಅವನು ಹೇಳ್ದ. ಕೇಳಿಸ್ತು. ಅವಳು ನೋವಲ್ಲಿ ಹಲ್ಲು ಕಚ್ಕೊಂಡಿದ್ದು ಅದಕ್ಕಿಂತ ಜೋರಾಗಿ ಕೇಳಿಸ್ತು." ಅನ್ನಲೇಬಾರದಿತ್ತು ಅನ್ನಿಸಿ ಒಳಗೆ ಹೋಗಿ ಪಾತ್ರೆ ತೊಳೆದೆ.

ನಿಧಾನಪ್ಪ ನಜ್ಜುಗುಜ್ಜಾದ ಟ್ರೈಲರನ್ನು ತಮ್ಮ ಅಂಗಡಿಗೆ ತರಿಸಿಕೊಂಡಿದ್ದರು. ನಾವು ಹೊರಟ ಮರುವಾರವೇ ಡ್ಯಾಂಪರ್ ಬಂದಿತ್ತು. ಬಂದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಮಾವ ಅಲ್ಲಿಗೆ ಹೋದರು, ನಾನೂ ಜೊತೆಗಿದ್ದೆ. ಬಾಗಿಲಲ್ಲಿ ನಿಂತು "ಅವತ್ತು ನಾನು ಅಂದ ಮಾತು" ಅಂತ ಶುರುಮಾಡಿದರು. ನಿಧಾನಪ್ಪ ಟ್ರೈಲರಿನ ಅಡಿಯಿಂದ ಕೈ ಹೊರಗೆ ಚಾಚಿ, "ಹದಿನೇಳರ ಸ್ಪಾನರ್ ಕೊಡು" ಅಂದರು. ಮಾವ ಕೊಟ್ಟರು. ಆಮೇಲೆ ಇಬ್ಬರೂ ಸೇರಿ ಬಡಿದು ಬಡಿದು ಆ ಮರದ ತುಂಡನ್ನು ಹೊರಗೆ ತೆಗೆದರು. ಮಾವನ ಕೆಲಸ, ಸುಲಭಕ್ಕೆ ಬರಲಿಲ್ಲ. ಹೊಸ ಡ್ಯಾಂಪರ್ ಕೂರಿಸುವ ಹೊತ್ತಿಗೆ ಸಂಜೆಯಾಯಿತು.

ಈಗ ಮಾವ ಯಾರಿಗೂ "ಗಟ್ಟಿ ಇದೆ" ಅನ್ನುವುದಿಲ್ಲ. ಹೊಸ ಕೊಂಡಿಯನ್ನು ಎಳೆದು ನೋಡುತ್ತಾರೆ, ಆಮೇಲೆ ಗಿರಾಕಿಯನ್ನು ಕೂರಿಸಿ ಹಿಂದಿನ ಭಾರ ಎಷ್ಟು, ಅದಕ್ಕೆ ತನ್ನದೇ ಬ್ರೇಕ್ ಇದೆಯಾ, ಇಳಿಜಾರಿನ ದಾರಿಯಾ ಅಂತ ಕೇಳುತ್ತಾರೆ. ಕೆಲವರನ್ನು ಪಕ್ಕದ ಅಂಗಡಿಗೆ ಕಳಿಸುತ್ತಾರೆ. ಬೀದಿಯವರು ಮಾತ್ರ ಹೆಸರು ಬದಲಿಸಿಲ್ಲ. ಯಾರಾದರೂ "ಗಟ್ಟಿ ಮೇಸ್ತ್ರಿ" ಅಂತ ಕೂಗಿದಾಗ ಅವರು ತಲೆ ಎತ್ತುವುದು ಸ್ವಲ್ಪ ತಡವಾಗುತ್ತದೆ.

ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಅತ್ತೆ ಒಂದು ಬೆಳಿಗ್ಗೆ ಹೇಳಿದರು. "ಅಕ್ಕನ ಮನೆಗೆ ಹೋಗೋಣ."

"ನಿಧಾನಪ್ಪ ಓಡಿಸ್ತಾನೆ, ನಾನು ಹಿಂದೆ ಕೂರ್ತೀನಿ" ಅಂದರು ಮಾವ.

"ಅವರು ಓಡಿಸಿದ್ರೆ ಮುಂದಿನ ವರ್ಷ ತಲುಪ್ತೀವಿ" ಅಂದರು ಅತ್ತೆ. "ನೀವೇ ಓಡಿಸಿ."

ಅದೇ ಟ್ರೈಲರ್, ರಿಪೇರಿ ಮಾಡಿದ ಅದೇ ಕಾರು. ಬ್ರೇಕ್ ಹಾಕಿದಾಗಲೆಲ್ಲ ಹಿಂದೆ ಕೊಳವೆ ಒಳಗೆ ಜಾರಿ ಮೆಲ್ಲಗೆ ಸದ್ದು ಮಾಡುತ್ತಿತ್ತು. ಹೊಡೆತ ಇರಲಿಲ್ಲ, ಸದ್ದಿತ್ತು. ಬೆಟ್ಟ ಇಳಿಯುವ ಮುಂಚೆ ಮಾವ ಗಾಡಿ ನಿಲ್ಲಿಸಿ, ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು, ಹೊರಗೆ ನೋಡುತ್ತ ಕೂತರು. ಅತ್ತೆ ಕಾದರು. ಆಮೇಲೆ ಮೊದಲ ಗೇರಿನಲ್ಲಿ ಇಳಿದೆವು. ಹಿಂದೆ ಸಾಲುಗಟ್ಟಿದ ಗಾಡಿಗಳವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಟ್ರೈಲರ್ ತನ್ನ ಕಾಲು ತಾನೇ ಹಿಡಿದುಕೊಂಡು ಬಂತು.

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ಗೋಡೆಗೆ ದೊಡ್ಡ ಅಕ್ಷರದ ಕ್ಯಾಲೆಂಡರ್. ಅಕ್ಕ ಮಂಚದ ಮೇಲೆ ಕೂತು ಸೆರಗಿನ ಅಂಚನ್ನು ಬೆರಳಲ್ಲಿ ಮಡಚುತ್ತ ಬಿಚ್ಚುತ್ತ ಇದ್ದರು, ಹೊಲಿಗೆಗೆ ಮೊದಲು ಅತ್ತೆ ಮಡಚುವ ಹಾಗೆಯೇ. ಅತ್ತೆ ಕೋಲೂರಿ ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಒಳ್ಳೆಯ ಮನೆತನದ ಹೆಂಗಸು ಹೊರಗಿನವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದರು. "ದೂರದಿಂದ ಬಂದ್ರಾ? ನೀವು ಯಾರ ಕಡೆಯವರು?"

ಅತ್ತೆ ಅವರ ಕೈಯನ್ನು ಸವರುತ್ತ ಕೂತರು. ಆಗ ಬಾಗಿಲಲ್ಲಿ ನಿಂತಿದ್ದ ಮಾವನನ್ನು ಅಕ್ಕ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

"ನೀವಾ? ಬನ್ನಿ, ಕೂತ್ಕೊಳ್ಳಿ. ಅದೇನು, ಒಬ್ಬರೇ ಬಂದ್ರಿ? ನನ್ನ ತಂಗೀನ ಯಾಕೆ ಕರ್ಕೊಂಡು ಬರಲಿಲ್ಲ?"

ಮಾವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅಲ್ಲೇ ನಿಂತರು. ಅತ್ತೆ ಅಕ್ಕನ ಕೈ ಬಿಡದೆ, "ಬರ್ತಿದ್ದಾಳೆ. ದಾರೀಲಿ ಸ್ವಲ್ಪ ತಡ ಆಯ್ತು" ಅಂದರು.

"ಹೌದಾ, ನಿಮಗೆ ಗೊತ್ತಾ ಅವಳು?" ಅಂದರು ಅಕ್ಕ. ಸಮಾಧಾನವಾದ ಹಾಗೆ ಕಂಡಿತು. ಆಮೇಲೆ ಮಾವನ ಕಡೆ ತಿರುಗಿ, ಒಪ್ಪಿಸಿ ಕೊಟ್ಟ ಮಗುವಿನ ಬಗ್ಗೆ ಹೇಳುವ ಹಾಗೆ ಹೇಳಿದರು. "ತಡ ಆದ್ರೆ ಆಗ್ಲಿ ಬಿಡಿ. ಅವಳಿಗೆ ಬೆನ್ನು ನೋವು. ಅವಸರ ಮಾಡ್ಬೇಡಿ, ಮೆಲ್ಲಗೆ ಕರ್ಕೊಂಡು ಬನ್ನಿ. ನಾನು ಎಲ್ಲೂ ಹೋಗಲ್ಲ."

"ಆಗ್ಲಿ ಅಕ್ಕ" ಅಂದರು ಮಾವ.